ಬತ್ತಿದ ಕೊಳದ ಪರದೆ

ನನ್ನ ತಮ್ಮ ಕ್ಯಾತಣ್ಣ ತೀರಿಕೊಂಡ ಸುದ್ದಿ ಬಂದದ್ದು ಶನಿವಾರ ಬೆಳಿಗ್ಗೆ. ಮಧುಗಿರಿಯ ಫೋಟೋ ಸ್ಟುಡಿಯೋಗಳಿಗೆಲ್ಲ, ಫೋಟೋ ತೆಗೆಸುವವರ ಹಿಂದೆ ಇಳಿಬಿಡುವ ಬಣ್ಣದ ಪರದೆ ಬರೆದುಕೊಟ್ಟವನು ಅವನು. ಕಂಪ್ಯೂಟರ್ ಬಂದ ಮೇಲೆ ಆ ಪರದೆಗಳು ಒಂದು ಸ್ಟುಡಿಯೋದ ಹಿಂದಿನ ತಗಡಿನ ಕೋಣೆ ಸೇರಿದವು. ಇವನೂ ಅವುಗಳ ಜೊತೆಗೇ ಮಲಗುತ್ತಿದ್ದ.

"ಒಳಗವ್ನೆ ಅಂತ ಗೊತ್ತಾಗ್ದೆ ಬೀಗ ಹಾಕ್ಬುಟ್ಟೆ ಕಣಮ್ಮ. ಮದ್ವೆ ಆರ್ಡರ್ ಇತ್ತು, ಎಲ್ಡು ದಿನ ಈ ಕಡೆ ಬರಕ್ಕಾಗ್ಲಿಲ್ಲ," ಎಂದ ಆ ಸ್ಟುಡಿಯೋದ ಮಾಲೀಕ ಜಯಕುಮಾರ್, ನಾನು ಕೋಣೆಯ ಬಾಗಿಲಿಗೆ ಬರುತ್ತಲೇ.

"ಒಳಗೆ ನೀರಿತ್ತೇನ್ಲಾ?"

"ಇರ್ಲಿಲ್ಲ."

"ನಾಯಿ ಕೂಡಾಕಿದ್ರೂ ಒಂದ್ ಬಟ್ಲು ನೀರ್ ಇಡ್ತಾರೆ ಕಣ್ಲಾ!"

ತಮ್ಮ ತಾನೇ ಬರೆದ ತಾವರೆ ಕೊಳದ ಪರದೆಯ ಮುಂದೆ ಮಲಗಿದ್ದ. ಸಾಯುವಾಗ ಸಿಗದ ಹನಿಯನ್ನು ಈಗಲಾದರೂ ಬಿಡೋಣವೆಂದು, ತುಳಸಿ ನೀರು ಹಿಡಿದು ಅವನ ಬಾಯಿ ತೆರೆದೆ. ನಾನು ಹನಿ ಬಿಡುವ ಮೊದಲೇ ಒಳಗಿಂದ ನೀರು ಕೆನ್ನೆಯ ಮೇಲೆ ಹರಿಯಿತು. ತಣ್ಣಗಿತ್ತು, ಪಾಚಿಯ ವಾಸನೆ ಬಂತು. ಕೋಣೆ ಬಿಸಿಲಿಗೆ ಬಾಣಲೆಯಂತೆ ಕಾದಿತ್ತು. ಪರದೆ ಮಾತ್ರ ಮುಟ್ಟಿದರೆ ಮಂಜಿನಂತೆ ಕೈ ಕೊರೆಯುತ್ತಿತ್ತು.

ನನ್ನ ಮಗಳ ಮದುವೆ ಫೋಟೋ ತೆಗೆದದ್ದು ಅದೇ ಪರದೆಯ ಮುಂದೆ. ಆ ಫೋಟೋದಲ್ಲಿ ಕೊಳದ ನೀರು ಮೇಲಿನ ಮೆಟ್ಟಿಲವರೆಗೂ ತುಂಬಿದೆ. ಪರದೆಯಲ್ಲಿ ಈಗ ಮೆಟ್ಟಿಲುಗಳೆಲ್ಲ ಬರಿದಾಗಿವೆ, ತಾವರೆಗಳು ಕೆಸರಿನ ಮೇಲೆ ಒರಗಿವೆ. ಬಣ್ಣ ಎಲ್ಲಿಯೂ ಅಳಿಸಿಲ್ಲ. ಅದನ್ನು ಜಯಕುಮಾರನೂ ನೋಡಿದ್ದಾನೆ.

ವೆಂಕಟರಮಣಸ್ವಾಮೀ, ಮನುಷ್ಯರು ಕೊಡದ ನೀರನ್ನು ಅವನಿಗೆ ಯಾರು ಕುಡಿಸಿದರೋ ನೀನೇ ಬಲ್ಲೆ. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಮನೆಯಲ್ಲಾದರೂ ಅವನ ಮೇಲೆ ಬಾಗಿಲು ಹಾಕಬೇಡ.