ತಗಡಿನ ಶೆಡ್ಡಿನ ಕಾಕಾ

ಕುಷ್ಟಗಿಗೆ ಕನ್ಯೆ ನೋಡಲು ಹೋದವನು ಮಿರ್ಚಿ ಬಜ್ಜಿ ಬಾಯಿಗಿಟ್ಟುಕೊಂಡೇ ಕಲ್ಲಾದೆ. ಖಾರಕ್ಕಲ್ಲ. ಒಳಗಿನ ಅಡುಗೆಮನೆಯಿಂದ ಒಂದು ಧ್ವನಿ ಬಂತು.

"ಹೋಗಬೇ ಆಯಿ, ಹೆದರಬ್ಯಾಡ. ಹಿಂದ ನಾ ಅದೀನಿ."

ಕೈಯಲ್ಲಿದ್ದ ಒಗ್ಗರಣೆಯ ತಟ್ಟೆ ಓರೆಯಾಯಿತು. ಮಂಡಕ್ಕಿ ನನ್ನ ಹೊಸ ಪ್ಯಾಂಟಿನ ಮೇಲೆ ಮಳೆಗರೆಯಿತು.

ಆ ಧ್ವನಿ ನನಗೆ ನಾಲ್ಕು ವರ್ಷದಿಂದ ಗೊತ್ತು. ಸುತ್ತ ಗುಂಡು ಹಾರುವಾಗ, ನಾನು ಬಂಡೆಯ ಮರೆಯಲ್ಲಿ ನಡುಗುತ್ತ ಕೂತಾಗ, ಕಿವಿಯ ಇಯರ್‌ಫೋನಿನಲ್ಲಿ ಅದೇ ಧ್ವನಿ, ಅದೇ ಮಾತು: "ಹೋಗು ಕಾಕಾ, ಹಿಂದ ನಾ ಅದೀನಿ."

ಕಾಕಾ ಎಂದರೆ ನಾನು. ವಯಸ್ಸು ಇಪ್ಪತ್ತೊಂಬತ್ತು.

ಹೆಸರು ಗಾಳೇಶ. ಹೆಸರಿನಲ್ಲೇ ಗಾಳವಿದ್ದರೂ ಅಲ್ಲಿಯತನಕ ಒಂದು ಮೀನೂ ಬಿದ್ದಿರಲಿಲ್ಲ. ಗಂಗಾವತಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಯಾವ ಟ್ರ್ಯಾಕ್ಟರ್ ಚಳಿಯಲ್ಲಿ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ಕೀಲಿ ಹಾಕದೆ ಬಾಯಲ್ಲೇ ಮಾಡಿ ತೋರಿಸುತ್ತೇನೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಘೋಷಿಸಿ ಎಂಟು ದಿನ ಹೊರಗೆ ನಿಂತವನು ನಾನು.

ಲಾಕ್‌ಡೌನಿನಲ್ಲಿ ಎಲ್ಲರಿಗೂ ಒಂದೊಂದು ರೋಗ ಬಂತು. ನನಗೆ ಬಂದದ್ದು 'ಐಲ್ಯಾಂಡ್ ಹಂಡ್ರೆಡ್'. ನೂರು ಮಂದಿ ಪ್ಯಾರಾಶೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯಬೇಕು, ಹೊಡೆದಾಡಬೇಕು, ಕೊನೆಗೆ ಒಂದು ಜೋಡಿ ಉಳಿಯಬೇಕು. ಇಷ್ಟೇ ಆಟ. ಅವ್ವ ಉಣ್ಣಲು ಕರೆದರೆ "ತಡಿಬೇ, ಇನ್ನೂ ಹನ್ನೆರಡು ಮಂದಿ ಅದಾರ" ಎನ್ನುತ್ತಿದ್ದೆ. ಅಷ್ಟೂ ಮಂದಿಗೆ ರೊಟ್ಟಿ ಬಡಿಯಬೇಕೇನೋ ಎಂದು ಪಾಪ, ಅವ್ವ ಹಿಟ್ಟಿನ ಡಬ್ಬಿ ನೋಡುತ್ತಿದ್ದಳು.

ಮೊದಮೊದಲು ಆಟದೊಳಗೆ ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆರನೆಯ ತರಗತಿಯ ಪೋರರು ಕೂಡ ಮೈಕಿನಲ್ಲಿ ಬೈಯುತ್ತಿದ್ದರು. ಒಂದು ದಿನ ಬೇಸತ್ತು ನಮ್ಮ ಓಣಿಯ ಸೈಕಲ್ ಅಂಗಡಿಯ ಉಮರಸಾಬನ ಧ್ವನಿ ತೆಗೆದೆ. ಮೊದಲು ಎರಡು ಕೆಮ್ಮು, ಆಮೇಲೆ ಮಾತು: "ಏ ತಮ್ಮಾ, ನಿಧಾನಕ್ಕ ಓಡ್ರೋ, ಮಣಕಾಲು ಸವೀತಾವ."

ಮೈಕುಗಳೆಲ್ಲ ತಣ್ಣಗಾದವು. ಅಂದಿನಿಂದ ನಾನು ಕಾಕಾ.

ಗುಬ್ಬಿ37 ಎಂಬ ಹೆಸರಿನ ಒಂದು ಸೈನಿಕನ ಗೊಂಬೆ ವಾರವಿಡೀ ನನ್ನ ಜೋಡಿಯಾಗಿ ಮಾತಿಲ್ಲದೆ ಆಡಿತು. ಎಂಟನೆಯ ದಿನ ಮೈಕು ತೆರೆಯಿತು.

"ಕಾಕಾ, ಆ ಕೆಮ್ಮಿಗೆ ಏನರ ತಗೊಂಡಿಯೋ ಇಲ್ಲೋ? ಮೆಣಸು, ಬೆಲ್ಲ ಕುಟ್ಟಿ ನುಂಗು."

ಹೆಣ್ಣಿನ ಧ್ವನಿ! ನಿಬ್ಬೆರಗಾಗಿ ನಾನು ಗುಂಡು ಹಾರಿಸುವ ಬದಲು ನೆಲಕ್ಕೆ ಮಲಗುವ ಬಟನ್ ಒತ್ತಿದೆ.

"ಇಷ್ಟ ದಿನ ಯಾಕ ಸುಮ್ಮನಿದ್ದೆವ್ವ?" ಎಂದೆ, ಕೆಮ್ಮುತ್ತ.

"ಹುಡುಗಿ ಅಂತ ಗೊತ್ತಾದ್ರ ಇವು ಆಟ ಬಿಟ್ಟು ನಂಬರ್ ಕೇಳ್ತಾವ. ನೀ ಮುದುಕ ಅದಿ. ನಿನ್ನ ಮುಂದ ಮಾತಾಡಾಕ ಹೆದರಿಕಿಲ್ಲ."

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ದಿನಕ್ಕೊಂದು ಕೆಮ್ಮಿನಂತೆ ಸುಳ್ಳು ಬೆಳೆಯಿತು.

ನಾವು ಆ ದ್ವೀಪಕ್ಕೆ ನಮ್ಮ ಸೀಮೆಯ ಹೆಸರುಗಳನ್ನಿಟ್ಟು ನಮ್ಮದಾಗಿಸಿಕೊಂಡೆವು. ಅಲ್ಲಿನ ಗುಡ್ಡಕ್ಕೆ ಅಂಜನಾದ್ರಿ ಎಂದೆವು, ಸೇತುವೆಗೆ ಹುಲಿಗಿ ಬ್ರಿಜ್. ನಾನು ಎಡಕ್ಕೆ ಹೋಗವ್ವ ಎಂದರೆ ಅವಳು ಬಲಕ್ಕೆ ಹೋಗುತ್ತಿದ್ದಳು. ಹಾರಬೇಡ ಎಂದರೆ ಹಾರುತ್ತಿದ್ದಳು. ಪ್ರತಿ ಸಲ ಗೆಲ್ಲುತ್ತಿದ್ದಳು. "ನಿನ್ನ ಮಾತು ಯಾಕ ಕೇಳಿಸ್ಕೋತೀನಿ ಹೇಳು ಕಾಕಾ? ಯಾವ ಕಡಿ ಹೋಗಬಾರ್ದು ಅಂತ ಗೊತ್ತಾಗ್ಲಿ ಅಂತ!" ಎಂದು ನಗುತ್ತಿದ್ದಳು. ಆ ನಗುವಿಗೆ ಮೊದಲು ಒಂದು 'ಟ್ಚ್' ಎಂಬ ಸದ್ದು ಇರುತ್ತಿತ್ತು. ಊರಿನವರ ಧ್ವನಿಗಳನ್ನೆಲ್ಲ ಕದ್ದ ನನಗೆ ಅದೊಂದನ್ನು ಮಾತ್ರ ಕದಿಯಲಾಗಲಿಲ್ಲ. ಕದ್ದದ್ದು ಅದೇ, ನನ್ನನ್ನು.

ಆಮೇಲೆ ಆಟ ಬದಲಾಯಿತು. ಹುಲ್ಲಿನ ಬಯಲಿಗೆ ಡಿಸ್ಕೊ ದೀಪ ಬಂತು. ಸೈನಿಕರು ಗುಲಾಬಿ ಮೊಲದ ವೇಷ ಹಾಕಿದರು. ಹೊಡೆದಾಡುತ್ತಿದ್ದವರು ನಿಂತಲ್ಲೇ ಕುಣಿಯತೊಡಗಿದರು. ಅಂಜನಾದ್ರಿಯ ತಲೆಯ ಮೇಲೆ ಒಂದು ದೊಡ್ಡ ಐಸ್‌ಕ್ರೀಮ್ ಎದ್ದಾಗ ನಾವಿಬ್ಬರೂ ಬಂದೂಕು ಕೆಳಗಿಟ್ಟು ಬಾಯಿ ತೆರೆದು ನೋಡಿದೆವು. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ನಮಗೆ ಉಳಿದದ್ದು ಹಳೆಯ ನಕ್ಷೆಯ ಮೂಲೆಯ ಒಂದು ತಗಡಿನ ಶೆಡ್ಡು. ಸಂಜೆ ಅದರ ಮೇಲೆ ಹತ್ತಿ ಕೂರುವುದು, ಮಾತಾಡುವುದು. ಆಡುವುದು ಎಂದರೆ ನಮ್ಮ ಕಡೆ ಮಾತಾಡುವುದೂ ಹೌದಲ್ಲ!

ಅವಳ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಕೇಳಿದರೆ ನನ್ನದನ್ನೂ ಹೇಳಬೇಕಲ್ಲ. 37 ಎಂದರೆ ನಮ್ಮ ಜಿಲ್ಲೆಯ ಗಾಡಿ ನಂಬರು ಎಂದಷ್ಟೇ ಗೊತ್ತು.

ಕಳೆದ ವಾರ ಅದೇ ಶೆಡ್ಡಿನ ಮೇಲೆ ಅವಳು ಹೇಳಿದಳು: "ಈ ಐತ್ವಾರ ಯಾವನೋ ನೋಡಾಕ ಬರ್ತಾನಂತ ಕಾಕಾ. ಭಾಳ ಮಾತುಗಾರನಂತ. ಮಂದೀನ್ನ ನಗಸ್ತಾನಂತ."

ಎರಡರ ಬದಲು ನಾಲ್ಕು ಸಲ ಕೆಮ್ಮಿ ಅಂದೆ: "ಬ್ಯಾಡಂತ ಹೇಳಿಬಿಡವ್ವ. ನಗಸಾವ ಒಳಗ ಏನರ ಮುಚ್ಚಿಟ್ಟಿರ್ತಾನ."

ಅದೇ ಭಾನುವಾರ ನನ್ನನ್ನೂ ಒಂದು ಕಡೆ ಎಳೆದೊಯ್ಯುವವರಿದ್ದರು. ಅನುಮಾನವೇ ಬರಲಿಲ್ಲ. ನಮ್ಮಲ್ಲಿ ಐತ್ವಾರ ಬಂತೆಂದರೆ ಅರ್ಧ ಜಿಲ್ಲೆ ಇನ್ನರ್ಧ ಜಿಲ್ಲೆಯ ಮನೆಯಲ್ಲಿ ಕೂತು ಒಗ್ಗರಣೆ ತಿನ್ನುತ್ತಿರುತ್ತದೆ.

ಹೀಗೆ ನನ್ನ ಕಾಲಿಗೆ ನಾನೇ ಗುಂಡು ಹೊಡೆದುಕೊಂಡು ಬಂದು ಕುಷ್ಟಗಿಯ ಪಡಸಾಲೆಯಲ್ಲಿ ಕೂತಿದ್ದೆ.

ಮೊದಲು ಆ ಆಯಿ, ಅಂದರೆ ಮನೆಯ ಮುದುಕಿ ಬಂದಳು, ಕೈಯಲ್ಲಿ ನೀರಿನ ತಂಬಿಗೆ. ಹಿಂದೆ ಚಹಾದ ತಾಟು ಹಿಡಿದು ಅವಳು. ರೇಣುಕಾದೇವಿ, ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಎಂದು ಅವರಪ್ಪ ಕನಕಪ್ಪ ಪರಿಚಯಿಸಿದರು. ನಾನು ತಲೆ ಎತ್ತಿದೆ. ನಾಲ್ಕು ವರ್ಷ ಕಿವಿಯಲ್ಲಿ ವಾಸವಿದ್ದವಳಿಗೆ ಮುಖವೂ ಇತ್ತು! ಹಣೆಯ ಮೇಲೆ ಒಲೆಯ ಬೆವರು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ನನ್ನ ಪ್ಯಾಂಟಿನ ಮಂಡಕ್ಕಿಯ ಮೇಲೆ ನಿಂತ ಕಣ್ಣು. ಆ ಕಣ್ಣು ಮಂಡಕ್ಕಿಯಿಂದ ನನ್ನ ಮುಖಕ್ಕೆ ಏರಿತು, ಒಂದು ಹುಬ್ಬು ಅದರ ಜೊತೆ ಹತ್ತಿತು.

"ಟ್ಚ್," ಎಂದಳು ಮೆಲ್ಲಗೆ.

ಅಷ್ಟರಲ್ಲಿ ನಮ್ಮ ದುರಗಪ್ಪ ಮಾಮಾ ತೊಡೆ ತಟ್ಟಿದ. "ನಮ್ಮ ಹುಡುಗ ಮಿಮಿಕ್ರಿ ಭಾಳ ಛಲೋ ಮಾಡ್ತಾನ್ರಿ ಬೀಗರ! ಲೇ ಗಾಳ್ಯಾ, ಆ ಉಮರಸಾಬನ ಧ್ವನಿ ತಗಿ ನೋಡೂನು!"

ನಾನು ಗಂಟಲು ಹಿಡಿದುಕೊಂಡೆ. "ಗಂಟ್ಲು ಸರಿ ಇಲ್ಲ ಮಾಮಾ."

"ಈಗರ ಎರಡು ಮಿರ್ಚಿ ಇಳಿದಾವಲ್ಲೋ ಅದೇ ಗಂಟ್ಲಾಗ!"

"ಟ್ರ್ಯಾಕ್ಟರ್ ಮಾಡ್ತೀನಿ," ಎಂದು ಹಳೆಯ ಇಂಜಿನ್ನೊಂದನ್ನು ಬಾಯಲ್ಲೇ ನಾಲ್ಕು ಸಲ ಕೆಮ್ಮಿಸಿ ಸ್ಟಾರ್ಟ್ ಮಾಡಿದೆ. ಮನೆಯೆಲ್ಲ ನಕ್ಕಿತು. ಮುದುಕಿ ಬಾಗಿಲಾಚೆ ಇಣುಕಿ, ಗಾಡಿ ಎಲ್ಲಿ ಬಂತೆಂದು ನೋಡಿದಳು. ರೇಣುಕಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಹುಡುಗ್ರು ಮಾಳಿಗಿ ಮ್ಯಾಗ ಹೋಗಿ ಐದ್ ನಿಮಿಷ ಮಾತಾಡ್ಲಿ," ಎಂದರು ಕನಕಪ್ಪ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು. ಅವುಗಳ ಆಚೆ ಅವಳು, ಈಚೆ ನಾನು. ನಾನು ಪ್ಯಾಂಟಿಗೆ ಅಂಟಿದ ಮಂಡಕ್ಕಿಯನ್ನು ಒಂದೊಂದಾಗಿ ಕೀಳತೊಡಗಿದೆ. ಅವಳೇ ಶುರು ಮಾಡಿದಳು.

"ಒಂದ್ ಮಾತು ಮೊದ್ಲ ಹೇಳಿಬಿಡ್ತೀನ್ರಿ. ನಮ್ಮ ಕಾಕಾ ಒಬ್ಬ ಅದಾನ. ನಿಮ್ಮನ್ನ ನೋಡೂಕಿಂತ ಮೊದ್ಲ ಬ್ಯಾಡ ಅಂದಾನ." ಕಣ್ಣಲ್ಲಿ ತುಂಟತನ ಮಿನುಗುತ್ತಿತ್ತು. "ನಗಸಾವ ಒಳಗ ಏನರ ಮುಚ್ಚಿಟ್ಟಿರ್ತಾನಂತ. ಖರೇ ಏನ್ರಿ?"

ಸುಳ್ಳು ಹೇಳಿದರೆ ಅವಳು ಸಿಗುತ್ತಿದ್ದಳು. ಕಾಕಾ ಒಂದು ದಿನ ಸದ್ದಿಲ್ಲದೆ ಆಟ ಬಿಟ್ಟು ಹೋಗುತ್ತಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡು ಸಲ ಕೆಮ್ಮಿದೆ. "ಖರೇ ಐತವ್ವ, ಗುಬ್ಬಿ."

ಅವಳು ಥಟ್ಟನೆ ಹಿಂದೆ ತಿರುಗಿ ನೋಡಿದಳು. ಮೆಟ್ಟಿಲ ಕಡೆ ನೋಡಿದಳು. ಯಾರೋ ಮುದುಕ ಹತ್ತಿ ಬಂದಿದ್ದಾನೆ ಎಂದುಕೊಂಡಳೇನೋ. ಆಮೇಲೆ ನನ್ನನ್ನು ನೋಡಿದಳು. ಮುಖದ ಬಣ್ಣ ಒಂದೊಂದೇ ಹನಿಯಾಗಿ ಇಳಿದುಹೋಯಿತು.

"ನಮ್ಮಪ್ಪ ದವಾಖಾನ್ಯಾಗ ಇದ್ದಾಗ... ಆ ಶೆಡ್ಡಿನ ಮ್ಯಾಗ ಕುಂತು ಮೂರು ದಿನ ಅತ್ತಿದ್ದೆ."

"ಕೇಳೀನಿ. ನಾ ಅಲ್ಲೇ ಇದ್ದೆ."

"ನೀವು ಇರ್ಲಿಲ್ಲ!" ಧ್ವನಿ ಸೀಳಿತು. "ನಮ್ಮ ಕಾಕಾ ಇದ್ದ. ಗಂಡಸ್ರ ಮುಂದ ಹೇಳಬಾರ್ದ ಮಾತೆಲ್ಲಾ ಆ ಮುದುಕನ ಮುಂದ ಹೇಳೀನಿ. ಅವನ ಕೆಮ್ಮು ಜಾಸ್ತಿ ಆದ್ರ ನಂಗ ಊಟ ಸೇರ್ತಿದ್ದಿಲ್ಲ." ಉಸಿರೆಳೆದುಕೊಂಡಳು. "ನಾಕು ವರ್ಷದ ಮನಷ್ಯಾನ್ನ ಒಂದ್ ನಿಮಿಷದಾಗ ಕೊಂದ್ರಲ್ರಿ."

ಮೆಟ್ಟಿಲು ಇಳಿದು ಹೋದಳು. ಮೆಣಸಿನಕಾಯಿ ನನ್ನ ಕಣ್ಣಿಗೆ ಹತ್ತಿತ್ತು ಎಂದು ಕೆಳಗಿನವರಿಗೆ ಹೇಳಿದೆ.

"ಎರಡು ದಿನದಾಗ ಹೇಳಿ ಕಳಸ್ತೀವಿ," ಎಂದರು ಕನಕಪ್ಪ. ದಾರಿಯುದ್ದಕ್ಕೂ ಅವ್ವ ನನ್ನ ಮೌನ ನೋಡಿ ಗಾಬರಿಗೊಂಡಳು. "ಹುಡುಗನ ಬಾಯಿಗೆ ಏನರ ಆಗೇತೇನೋ ದುರಗಪ್ಪಾ?"

ಮನೆಗೆ ಬಂದು ಫೋನ್ ತೆರೆದರೆ ಇನ್ನೊಂದು ಆಘಾತ. ಆಟದ ಪ್ರಕಟಣೆ: ಬುಧವಾರ ಬೆಳಗಿನ ಐದೂವರೆಗೆ ಹಳೆಯ ದ್ವೀಪ ಶಾಶ್ವತವಾಗಿ ಮುಚ್ಚುತ್ತದೆ. ಹೊಸ ಆಟದಲ್ಲಿ ಮೈಕು ಇರುವುದಿಲ್ಲ, ಬರೀ ನಗುವ ಅಳುವ ಚಿತ್ರಗಳು.

ಸೋಮವಾರ ಶೆಡ್ಡಿನ ಮೇಲೆ ಕಾದೆ. ಮಂಗಳವಾರ ಕಾದೆ. ಎರಡು ಗುಲಾಬಿ ಮೊಲ ಬಂದು ನನ್ನನ್ನು ಹೊಡೆದು ಕುಣಿದು ಹೋದವು. ಕುಷ್ಟಗಿಯಿಂದಲೂ ಸುದ್ದಿಯಿಲ್ಲ.

ಬುಧವಾರ ಐದು ಗಂಟೆಗೆ ನಮ್ಮ ಮಾಳಿಗೆ ಹತ್ತಿ ಕೂತು, ಕೊನೆಯ ಸಲ ದ್ವೀಪಕ್ಕೆ ಇಳಿದೆ. ಐದೂ ಇಪ್ಪತ್ತಕ್ಕೆ ಆಕಾಶದಿಂದ ಒಂದು ಪ್ಯಾರಾಶೂಟು ತಗಡಿನ ಮೇಲೆ ಧಡ್ ಎಂದು ಬಿತ್ತು. ಗುಬ್ಬಿ37.

"ರೇಣುಕಾ ಅವ್ರ," ಎಂದೆ, ನನ್ನದೇ ಧ್ವನಿಯಲ್ಲಿ. ಆ ದ್ವೀಪದಲ್ಲಿ ಮೊದಲ ಬಾರಿ. ಬರಿಮೈಯಲ್ಲಿ ಬಜಾರಿಗೆ ಹೋದಂತಾಯಿತು.

"ನಿಮ್ಮ ಕೂಡ ಮಾತಾಡಾಕ ಬಂದಿಲ್ಲ. ಕಾಕಾನ್ನ ಕರೀರಿ."

"ಅವ ಇಲ್ಲ. ಇನ್ನ ಮ್ಯಾಲೆ ಆ ಧ್ವನಿ ತಗಿಯಂಗಿಲ್ಲ."

"ಕೊನೀ ಸಲ. ಕೇಳೋದೈತಿ."

ಕೆಮ್ಮು ಸರಿಯಾಗಿ ಬರಲಿಲ್ಲ. "ಹೇಳವ್ವ."

"ಕಾಕಾ, ಆ ಹುಡುಗ ಬಂದಿದ್ದ. ನಿನ್ನ ಧ್ವನಿ ಹಾಕ್ಕೊಂಡು ನನ್ನ ಮನಸಿನ್ಯಾಗಿಂದೆಲ್ಲಾ ಕೇಳ್ಯಾನ. ಎರಡು ದಿನ ಸಿಟ್ಟಿಲೆ ಉಂಡಿಲ್ಲ. ಆದ್ರ ಅವರ ಮಾಮಾ ಎಲ್ಲಾರ ಮುಂದ ನಿನ್ನ ಧ್ವನಿ ತಗಿ ಅಂದಾಗ ಅವ ತಗೀಲಿಲ್ಲ. ನಿನ್ನ ನಗಿಪಾಟಲು ಮಾಡ್ಲಿಲ್ಲ. ಮುಚ್ಚಿಡಬಹುದಿತ್ತು, ಮುಚ್ಚಿಡ್ಲಿಲ್ಲ. ಏನ್ ಮಾಡ್ಲಿ ಹೇಳು."

ಪರದೆಯ ಮೇಲೆ ಕೆಂಪು ಅಕ್ಷರ: ಇನ್ನು ಎರಡು ನಿಮಿಷ.

ಕಾಕಾನ ಬಾಯಲ್ಲಿ ಹೂಂ ಎನ್ನಿಸುವುದು ನನಗೆ ಒಂದು ಕೆಮ್ಮಿನಷ್ಟು ಸುಲಭವಿತ್ತು. ಆದರೆ ನಾಲ್ಕು ವರ್ಷದಲ್ಲಿ ಆ ಮುದುಕ ಅವಳಿಗೆ ತನ್ನ ಲಾಭಕ್ಕಾಗಿ ಹೇಳಿದ್ದು ಒಂದೇ ಮಾತು, ಕಳೆದ ವಾರದ್ದು. ಎರಡನೆಯದು ಬೇಡವೆನಿಸಿತು.

"ಬ್ಯಾಡವ್ವ," ಎಂದೆ. "ನಿನ್ನ ನಂಬಿಕಿ ತಗೊಂಡು ಆಟ ಆಡ್ಯಾನ. ಅಂಥಾವನ್ನ ಮಾಡ್ಕೋಬ್ಯಾಡ."

ದೂರದಲ್ಲಿ ಹುಲಿಗಿ ಬ್ರಿಜ್ ಕರಗತೊಡಗಿತು. ಅಂಜನಾದ್ರಿ ತನ್ನ ಐಸ್‌ಕ್ರೀಮಿನ ಸಮೇತ ಮಾಯವಾಯಿತು.

"ಟ್ಚ್."

ಫೋನಿನ ಸದ್ದು ಪೂರ್ತಿ ಏರಿಸಿದೆ.

"ಕಾಕಾ, ನಾಕು ವರ್ಷದಾಗ ನಿನ್ನ ಮಾತು ನಾ ಒಂದ್ ಸಲನರ ಕೇಳೀನೇನು?"

ಫೋನು ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಎತ್ತಿಕೊಳ್ಳುವಷ್ಟರಲ್ಲಿ ಶೆಡ್ಡಿನ ಒಂದು ಬದಿ ಹೋಗಿತ್ತು. ನಾವಿಬ್ಬರು ಅರ್ಧ ತಗಡಿನ ಮೇಲೆ ಕೂತಿದ್ದೆವು.

"ಒಂದ್ ಷರತ್ತು ಐತ್ರಿ ಗಾಳೇಶ. ಆ ಧ್ವನಿ ಯಾರದೈತೋ ಅವ್ರನ್ನ ನಾ ಮೊದ್ಲ ನೋಡಬೇಕು. ಕೆಮ್ಮಿನ ಔಷಧ ನಾನ ತರ್ತೀನಿ. ಈಗ ಕೆಳಗ ಹೋಗಿ ನಿಮ್ಮವ್ವಗ ಹೇಳ್ರಿ."

"ಹೆದರಿಕಿ ಆಗೇತ್ರಿ."

"ಹೋಗ್ರಿ. ಹಿಂದ ನಾ ಅದೀ..."

ಪರದೆ ಕಪ್ಪಾಯಿತು. ಐದೂವರೆ.

ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಕೆಳಗೆ ಓಣಿಯಲ್ಲಿ ಯಾರೋ ಎರಡು ಸಲ ಕೆಮ್ಮಿದರು. ಬೆಚ್ಚಿಬಿದ್ದೆ. ನಮಾಜು ಮುಗಿಸಿ ಸೈಕಲ್ ತಳ್ಳುತ್ತ ಬರುತ್ತಿದ್ದ ಉಮರಸಾಬ, ಕತ್ತೆತ್ತಿ ನನ್ನನ್ನು ನೋಡಿದ.

"ಏನೋ ಗಾಳೇಶಾ, ಇಷ್ಟ ಲಗೂನ ಎದ್ದಿ?"

"ಕಾಕಾ, ಒಬ್ಬಾಕಿ ನಿನ್ನ ನೋಡಾಕ ಬರಾಕತ್ತಾಳ."

"ನನ್ನ? ಈ ವಯಸ್ಸಿನ್ಯಾಗ? ಯಾಕಿ ಆಕಿ?"

"ನಾಕು ವರ್ಷದಿಂದ ನಿನ್ನ ಕೆಮ್ಮಿಗೆ ಔಷಧ ಹೇಳಾಕಿ."

ಉಮರಸಾಬ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದುಕೊಂಡು ನಿಂತೇಬಿಟ್ಟ. ಆ ಮುಖವನ್ನು ಅನುಕರಿಸಲು ನನಗೆ ಬಿಡುವಿರಲಿಲ್ಲ. ಅವ್ವ ಎದ್ದಿದ್ದಳು.