ಅರ್ಧರ್ಧ ಇಂಚು

"ಖೇಲ್ತಾ ಕೌನ್ ಹೈ?" ಎಂದು ಅವನು ಕೇಳಿದ, ಆಡುವವರು ಯಾರು ಎಂದು.

"ಮೇರೆ ಹಸ್ಬೆಂಡ್," ಎಂದೆ.

ಸಂದೀಪ ತೀರಿಕೊಂಡು ಆಗ ಎರಡು ವರ್ಷ ಒಂದು ತಿಂಗಳು. ಆಗಸ್ಟ್‌ನಲ್ಲಿ ಡೆಂಗ್ಯೂ, ಐದು ದಿನ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ರೂಢಿಯಾಗಿದ್ದ ಉತ್ತರ ಬಂತು, ಅಷ್ಟೆ.

ಮುಂಬಯಿಯ ಭಾಂಡುಪಿನ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಈ ಪ್ರಶ್ನೆ ಕೇಳಿದವನ ವರ್ಕ್‌ಶಾಪ್. ಗಾಲ್ಫ್ ಆಡುವ ಕೋಲುಗಳನ್ನು ರಿಪೇರಿ ಮಾಡುತ್ತಾನೆಂದು ಚೆಂಬೂರಿನ ಕ್ಲಬ್ಬಿನ ವಾಚ್‌ಮನ್ ವಿಳಾಸ ಕೊಟ್ಟಿದ್ದ. ನಾನು ತಂದಿದ್ದು ಸಂದೀಪನ ಪಟರ್. ಚೆಂಡನ್ನು ಕೊನೆಯ ಕೆಲವು ಅಡಿ ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಕೋಲು ಅದು. ಭಾನುವಾರ ಬೆಳಿಗ್ಗೆ ಹೋಟೆಲನ್ನು ಮಾವನಿಗೆ ಒಪ್ಪಿಸಿ ಅವನು ಆಡಲು ಹೋಗುತ್ತಿದ್ದ. ಎರಡು ಮಳೆಗಾಲಕ್ಕೆ ಹಿಡಿಯ ರಬ್ಬರ್ ಅಂಟಂಟಾಗಿತ್ತು. ಯಾರಿಗಾದರೂ ಕೊಟ್ಟುಬಿಡು ಎಂದು ಅತ್ತೆ ಹೇಳಿದ್ದರು. ಕೊಡುವುದಾದರೂ ಸರಿ ಮಾಡಿಸಿ ಕೊಡೋಣ ಎಂದು ತಂದಿದ್ದೆ.

ರಿಪೇರಿಯವನು ಚೀಟಿಯಲ್ಲಿ ನನ್ನ ಹೆಸರು ಬರೆದುಕೊಂಡ. ಯಕ್ಷಿತಾ ಶೆಟ್ಟಿ.

"ಕನ್ನಡ ಬರತೈತೇನ್ರಿ ಮೇಡಮ್?"

"ಬರ್ತದೆ. ಮನೆಯಲ್ಲಿ ತುಳು."

"ನಾ ಗುರುಪಾದ. ನಮ್ಮದು ಇಂಡಿ ಕಡಿ. ಹುಟ್ಟಿದ್ದು ಇಲ್ಲೇ." ಪಟರನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು, ಅದು ಯಾವ ಕಡೆಗೂ ವಾಲದ ಜಾಗ ಹುಡುಕಿದ. ಆಮೇಲೆ ಚೆಂಡಿಗೆ ತಾಗುವ ಅದರ ತಲೆಯನ್ನು ಮಗುಚಿ ತಳ ನೋಡಿದ. ಅಲ್ಲಿ ಸೀಸದ ಒಂದು ಸಣ್ಣ ಪಟ್ಟಿ ಅಂಟಿಸಿತ್ತು. ತಲೆಯ ತೂಕ ಹೆಚ್ಚಿಸಲು ಹಾಗೆ ಅಂಟಿಸುತ್ತಾರೆ. ಸೀಸ ಮೆದು. ಅದರಲ್ಲಿ ಹೆಬ್ಬೆರಳು ಒತ್ತಿದ ಗುರುತು ಹಾಗೇ ಉಳಿದಿತ್ತು.

"ಸಾಹೇಬ್ರು ತಾವ ಹಚ್ಯಾರ. ಓರೆ ಆಗೇತಿ."

"ಅವರು ಎಲ್ಲ ಓರೆಯೇ ಅಂಟಿಸುವುದು. ಸ್ಟ್ಯಾಂಪ್ ಕೂಡ."

ಅವನು ನಕ್ಕ. ಯಾರೋ ಸಂದೀಪನ ವಿಷಯಕ್ಕೆ ಸುಮ್ಮನೆ ನಕ್ಕು ಬಹಳ ದಿನಗಳಾಗಿದ್ದವು. ಮನೆಯಲ್ಲಿ ಅವನ ಹೆಸರು ಬಂದರೆ ಎಲ್ಲರೂ ನೆಲ ನೋಡುತ್ತಿದ್ದರು.

"ಕೋಲು ಹಿಡಿಯೋವ್ರು ಖುದ್ದ ಬರಬೇಕ್ರಿ. ಇಲ್ಲಾಂದ್ರ ತೂಕ ಹೊಂದಸಾಕ ಬರೂದಿಲ್ಲ."

"ಅವರಿಗೆ ಬಿಡುವಿಲ್ಲ."

"ಎತ್ತರ ಎಷ್ಟದಾರ?"

"ಐದು ಅಡಿ ಹನ್ನೊಂದು ಇಂಚು."

ಅವನು ಅದನ್ನೂ ಬರೆದುಕೊಂಡ.

ಹಿಡಿಗೆ ಹೊಸ ರಬ್ಬರ್ ಗ್ರಿಪ್ ಹಾಕಿದ ಪಟರನ್ನು ಮನೆಗೆ ತಂದು, ಯಾವಾಗಲೂ ಇಡುತ್ತಿದ್ದಂತೆ ಕಪಾಟಿನ ಪಕ್ಕ ನಿಲ್ಲಿಸಿದೆ. ಅದರ ತುದಿ ಕಪಾಟಿನ ಹಿಡಿಗೆ ತಾಗುತ್ತಿತ್ತು. ರಾತ್ರಿ ಊಟಕ್ಕೆ ಮೊದಲು, ಯಾಕೆಂದು ಗೊತ್ತಿಲ್ಲ, ಸಂದೀಪನ ಚೀಲದಿಂದ ಒಂದು ಚೆಂಡು ತೆಗೆದು ಮಂಚದ ಕಾಲಿಗೆ ಗುರಿ ಇಟ್ಟು ನಾಲ್ಕಾರು ಸಲ ಉರುಳಿಸಿದೆ. ಕೋಲಿನ ತಲೆ ಮೊದಲಿಗಿಂತ ಹಗುರ ಅನ್ನಿಸಿತು.

ಆಗಿದ್ದು ಅಷ್ಟೇ. ಆದರೆ ಎರಡು ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಮುಂದಿನ ಶನಿವಾರ ಚೆಂಬೂರಿನಲ್ಲಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಬದಲಿಸಿ ಮತ್ತೆ ಭಾಂಡುಪಿಗೆ ಹೋದೆ.

"ಅವರಿಗೆ ತಲೆ ಹಗುರ ಅನ್ನಿಸ್ತದಂತೆ."

ಗುರುಪಾದ ಹುಬ್ಬೇರಿಸಿದ. "ಕೈ ಚಲೋ ಐತ್ರಿ ಸಾಹೇಬ್ರದು. ಹೊಸ ಗ್ರಿಪ್ಪಿನ ತೂಕ ಜಾಸ್ತಿ. ಮ್ಯಾಲ ಜಾಸ್ತಿ ಆದ್ರ ತಳಗ ಹಗುರ ಅನಸತೈತಿ. ಹತ್ತು ಗ್ರಾಮಿನ ಮಾತು. ಭಾಳ ಮಂದಿಗೆ ಗೊತ್ತ ಆಗೂದಿಲ್ಲ."

ಪಟರಿನ ತಳವನ್ನು ಬೆಳಕಿಗೆ ಹಿಡಿದು ತುಸು ಹೆಚ್ಚು ಹೊತ್ತೇ ನೋಡಿದ. ನನ್ನನ್ನು ನೋಡಿದ. ಪಟರನ್ನು ಎತ್ತಿಕೊಂಡು ಒಳಗೆ ಹೋದ. ಕಂಪ್ರೆಸರಿನ ಸದ್ದು ಕೇಳಿಸಿತು.

ಅವನ ತಾಯಿ ಚನ್ನವ್ವ ನನಗೆ ಚಹಾ ಕೊಟ್ಟರು. ಮಗನಿಗೆ ಮಧ್ಯಾಹ್ನದ ರೊಟ್ಟಿ ತಂದು, ಅವನು ಉಂಡು ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತಿರುವುದು ಅವರ ಪದ್ಧತಿ.

ಹೊರಟಾಗ ಗುರುಪಾದ ಒಂದು ಪರೀಕ್ಷೆ ಹೇಳಿಕೊಟ್ಟ. "ಸಾಹೇಬ್ರಿಗೆ ಹೇಳ್ರಿ, ಕಣ್ಣು ಮುಚ್ಚಿ ಹೊಡೀಲಿ. ಚೆಂಡು ಗುರಿಗಿಂತ ಕಮ್ಮಿ ಹೋತೋ ಹೆಚ್ಚು ಹೋತೋ, ಮೊದಲ ಬಾಯಿಲೆ ಹೇಳಬೇಕು. ಆಮ್ಯಾಲ ಕಣ್ಣು ತೆರೀಬೇಕು. ಇಪ್ಪತ್ತು ಸಲ. ಹದಿನೈದು ಸರಿ ಬಂದ್ವು ಅಂದ್ರ ಕೋಲು ಕೈಗೆ ಹೊಂದೇತಿ ಅಂತ ತಿಳೀರಿ."

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಆ ಪರೀಕ್ಷೆ ನನಗೆ ಸರಿ ಎನಿಸಿತು. ಮನೆಯಲ್ಲಿ ಬಾಗಿಲು ಹಾಕಿ, ಕಣ್ಣು ಮುಚ್ಚಿ ಇಪ್ಪತ್ತು ಸಲ ಹೊಡೆದೆ. ಒಂಬತ್ತು ಸರಿ. ನಾಣ್ಯ ಚಿಮ್ಮಿ ಹೇಳಿದರೂ ಅಷ್ಟು ಬರುತ್ತದೆ.

"ಒಂಬತ್ತು ಬಂತಂತೆ," ಎಂದು ಶನಿವಾರ ಹೇಳಿದೆ.

"ಇನ್ನೊಂದ ಚೂರು ನೋಡೂಣು," ಎಂದ.

ಮತ್ತೊಂದು ಶನಿವಾರ ಹನ್ನೊಂದು. ಅದರ ಮುಂದಿನದಕ್ಕೆ ಹದಿಮೂರು.

ಪ್ರತಿ ಸಲ ಅವನು ಪಟರನ್ನು ಒಳಗೆ ಒಯ್ಯುತ್ತಿದ್ದ. ತಂದು ಕೊಡುವಾಗ ತಳದಲ್ಲಿ ಸೀಸದ ಹೊಸ ಚೂರೊಂದು ಇರುತ್ತಿತ್ತು. ಅಷ್ಟರಲ್ಲಿ ಚಹಾ, ಮಾತು. ಅವನ ತಂದೆ ಇದೇ ಎಸ್ಟೇಟಿನಲ್ಲಿ ಲೇತ್ ನಡೆಸುತ್ತಿದ್ದರು. ಅವನು ಹತ್ತನೇ ಕ್ಲಾಸಿನ ನಂತರ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊತ್ತು, ಅಲ್ಲೇ ರಿಪೇರಿ ಕಲಿತವನು.

ಅವನು ಸಂದೀಪನ ಬಗ್ಗೆ ಕೇಳುತ್ತಿದ್ದ.

"ಸಾಹೇಬ್ರು ಸೋತ್ರ ಸಿಟ್ಟಾಗ್ತಾರೇನ್ರಿ?"

"ಇಲ್ಲ. ಸೋತ ದಿನ ಹೋಟೆಲಿಂದ ಬನ್ಸ್ ಕಟ್ಟಿಸಿಕೊಂಡು ಬರ್ತಾರೆ. ಆವಾಗ ಗೊತ್ತಾಗ್ತದೆ."

"ಗೆದ್ರ?"

"ಗೆದ್ರೆ ಅವರೇ ಹೇಳ್ತಾರೆ. ಮೂರು ದಿನ ಹೇಳ್ತಾರೆ."

ಇಡೀ ಮುಂಬಯಿಯಲ್ಲಿ ಸಂದೀಪ ಬದುಕಿದ್ದ ಜಾಗ ಅದೊಂದೇ. ಅಲ್ಲಿ ಅವನಿಗೆ ಬಿಡುವಿರಲಿಲ್ಲ, ಅವನ ಕೈ ಚೆನ್ನಾಗಿತ್ತು, ವಾರದಿಂದ ವಾರಕ್ಕೆ ಸುಧಾರಿಸುತ್ತಿದ್ದ. ನಿಜ ಹೇಳಿದರೆ ಅವನು ಭಾಂಡುಪಿನಲ್ಲೂ ಸಾಯುತ್ತಿದ್ದ. ಆದ್ದರಿಂದ ಹೇಳಲಿಲ್ಲ.

ಇನ್ನೊಂದು ಕಾರಣವೂ ಇತ್ತು. ನಾಲ್ಕನೇ ಶನಿವಾರ ಗುರುಪಾದ ಚಹಾ ಕೊಡುವಾಗ ಕಪ್ ಹಿಡಿದ ನನ್ನ ಬೆರಳುಗಳನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಅವನು ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿ, ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸಿದ. ವಾಪಸ್ ಹೋಗುವಾಗ ಸ್ಲೋ ಟ್ರೇನಿನಲ್ಲಿ ಅದೇ ನೆನಪಾಗುತ್ತಿತ್ತು. ಗಂಡನಿದ್ದಾನೆ ಎಂದು ಹೇಳಿದವಳು ನಾನೇ. ಆ ಸುಳ್ಳು ಇರುವವರೆಗೆ ಅವನು ಕಣ್ಣು ತಿರುಗಿಸುತ್ತಲೇ ಇರುತ್ತಾನೆ. ಅದು ಒಳ್ಳೆಯದೇ ಅಂದುಕೊಂಡೆ. ಘಾಟ್ಕೋಪರ್ ಬರುವ ಹೊತ್ತಿಗೆ ಅಷ್ಟು ಖಾತ್ರಿ ಇರಲಿಲ್ಲ.

"ಯವ್ವಾ," ಎಂದು ಐದನೇ ಶನಿವಾರ ಚನ್ನವ್ವ ಕೇಳಿದರು, "ನಿನ್ನ ಗಂಡ ಒಂದಿನಾನೂ ಬರಲಿಲ್ಲಲ್ಲ. ಆಂವಾ ಕೋಲು ಹಿಡಿದು ಆಡ್ತಾನೋ, ನಿನ್ನ ಹಿಂಗ ಓಡ್ಯಾಡಿಸಿ ಆಡ್ತಾನೋ?"

"ಯವ್ವಾ, ಸುಮ್ಕಿರು," ಎಂದ ಗುರುಪಾದ.

"ನೀ ಸುಮ್ಕಿದ್ದೇ ಮೂವತ್ತೈದು ಆತು. ಕೋಲು ತಿರುವಿ ಮುರುವಿ ನೋಡಿದಂಗ ಒಂದ ಹುಡುಗೀನ ನೋಡಿದ್ರ ಇಷ್ಟೊತ್ತಿಗೆ ನನಗ ಮೊಮ್ಮಕ್ಕಳಿರ್ತಿದ್ವು."

"ಹುಡುಗೀನ ತಿರುವಿ ಮುರುವಿ ನೋಡಿದ್ರ ಪೊಲೀಸ್ನವ್ರು ಒಯ್ತಾರ."

ನಾನು ನಕ್ಕೆ. ಚನ್ನವ್ವ ನಗಲಿಲ್ಲ. ನನ್ನ ಬೋಳು ಕತ್ತನ್ನು ನೋಡುತ್ತಿದ್ದರು. ಮುಂಬಯಿಯಲ್ಲಿ ಕರಿಮಣಿ ಇಲ್ಲದಿರುವುದರಿಂದ ಯಾರೂ ಏನೂ ತಿಳಿದುಕೊಳ್ಳುವುದಿಲ್ಲ. ಅವರು ತಿಳಿದುಕೊಂಡರೇನೋ.

ಆ ವಾರ ಹದಿನಾರು ಸರಿ ಬಂತು. ಇಪ್ಪತ್ತರಲ್ಲಿ ಹದಿನಾರು ಆಕಸ್ಮಿಕವಲ್ಲ. ಅದನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಚೆಂಡು ತಾಗಿದ ಸದ್ದಿಗೆ, ಅಂಗೈಗೆ ಬಂದ ಸಣ್ಣ ಅದುರಿಗೆ, ಎಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು. ಸಂತೋಷವೆನ್ನಬಹುದಾದಂಥದೇನೋ ಆಯಿತು. ಪಟರನ್ನು ಕಪಾಟಿನ ಪಕ್ಕ ನಿಲ್ಲಿಸಿದೆ.

ಅದರ ತುದಿ ಕಪಾಟಿನ ಹಿಡಿಗೆ ತಾಗಲಿಲ್ಲ. ಮೂರು ಬೆರಳು ಕೆಳಗಿತ್ತು.

ಟೇಪ್ ತಂದು ಅಳೆದೆ. ನೆಲದಿಂದ ಕಪಾಟಿನ ಹಿಡಿಗೆ ಮೂವತ್ತೈದು ಇಂಚು, ಪಟರ್ ಮೂವತ್ತಮೂರು ಆಗಿತ್ತು.

ಶನಿವಾರದವರೆಗೆ ಕಾಯಲಿಲ್ಲ. ಮರುದಿನ ಮಧ್ಯಾಹ್ನದ ಎರಡು ಕ್ಲಾಸು ಬಿಟ್ಟು ಹೋದೆ. ಅವನು ಒಬ್ಬನೇ ಇದ್ದ. ಪಟರನ್ನು ಟೇಬಲಿನ ಮೇಲೆ ಇಟ್ಟೆ.

"ಇದನ್ನು ಕತ್ತರಿಸಿದ್ದೀರಿ."

"ಹೌದ್ರಿ."

"ಯಾರನ್ನು ಕೇಳಿ?"

"ಗ್ರಿಪ್ ಬಿಚ್ಚಿ, ಮ್ಯಾಲಿನ ತುದಿ, ನಾಕ್ ಸಲ ಅರ್ಧರ್ಧ ಇಂಚು. ಕೇಳಬೇಕಿತ್ತು. ತಪ್ಪಾತು."

"ನನ್ನ ಗಂಡ ಐದು ಅಡಿ ಹನ್ನೊಂದು ಇಂಚು. ಬರೆದುಕೊಂಡಿದ್ದೀರಿ ನೀವು."

ಅವನು ಪಟರನ್ನು ಮಗುಚಿ ತಳ ತೋರಿಸಿದ. ಕೋಲಿಗೆ ಹತ್ತಿರದ ತುದಿಯಲ್ಲಿ ಮಾತ್ರ ಸಣ್ಣ ಗೀರುಗಳಿದ್ದವು. "ಕೋಲು ಉದ್ದ ಆಗಿ, ಹಿಡಿಯೋವ್ರು ಗಿಡ್ಡ ಇದ್ರ, ತಲಿ ಹಿಂಗ ಮ್ಯಾಲ ಏಳತೈತಿ. ಈ ತುದಿ ಒಂದ ನೆಲಕ್ಕ ತಿಕ್ಕತೈತಿ. ಎರಡನೇ ಸಲ ನೀವು ಬಂದಾಗ ಈ ಗೀರು ಹೊಸಾವು. ಟೈಲ್ಸಿನ ಗೀರು, ಹುಲ್ಲಿಂದಲ್ಲ. ಆಡೋವ್ರು ಐದು ಅಡಿ ಮೂರು ಇಂಚಿಗಿಂತ ಎತ್ತರ ಇಲ್ಲ ಅಂತ ಆವತ್ತ ಗೊತ್ತಾತು."

ನನ್ನ ಎತ್ತರ ಐದು ಅಡಿ ಎರಡೂವರೆ.

"ಮನ್ಯಾಗ ಹೇಳದ ಕಲ್ಯಾಕತ್ತೀರಿ ಅಂದ್ಕೊಂಡೆ. ಅದಕ್ಕ ನಿಮಗ ಹೊಂದೂ ಹಂಗ ಮಾಡ್ಕೋತ ಬಂದೆ. ಗಿಡ್ಡ ಮಾಡಿದಷ್ಟು ತಲಿ ಹಗುರ ಅನಸತೈತಿ. ಅಷ್ಟಷ್ಟು ಸೀಸಾ ಹಚ್ಚಿದೆ." ಡ್ರಾಯರಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಅದರಲ್ಲಿ ಉಕ್ಕಿನ ನಾಲ್ಕು ಚೂರುಗಳಿದ್ದವು, ಕಿರುಬೆರಳ ಉಂಗುರದಂತೆ. "ಒಂದೂ ಒಗೆದಿಲ್ಲ. ಸಾಹೇಬ್ರು ಬ್ಯಾಡ ಅಂದ್ರ, ಒಳಗ ಕೊಳವಿ ಕೂಡ್ಸಿ ಇದ್ದಷ್ಟ ಉದ್ದ ಮಾಡಿಕೊಡ್ತೀನಿ. ಕೇಳಿ ಬರ್ರಿ."

"ಅವರನ್ನು ಕೇಳ್ಲಿಕ್ಕೆ ಆಗುದಿಲ್ಲ," ಎಂದೆ. "ಅವರಿಲ್ಲ. ತೀರಿಕೊಂಡು ಎರಡು ವರ್ಷ ಆಯ್ತು. ಮೊದಲ ದಿನ ನೀವು ಕೇಳಿದಾಗ ಬಾಯಿ ತಪ್ಪಿ ಬಂತು. ಆಮೇಲೆ ಬೇಕೆಂದೇ ಹೇಳಿದೆ."

ಪಕ್ಕದ ವರ್ಕ್‌ಶಾಪಿನಲ್ಲಿ ಪ್ರೆಸ್ ಮೆಷಿನ್ ಬಡಿಯುತ್ತಿತ್ತು. ಗುರುಪಾದ ಸ್ಟೂಲು ಎಳೆದು ಕೊಟ್ಟ. ನಾನು ಕೂತೆ. ಅವನು ನಿಂತೇ ಇದ್ದ.

"ಬನ್ಸ್ ತರೂದು?" ಎಂದು ಕೇಳಿದ.

"ಅದೆಲ್ಲ ನಿಜ."

"ಚಲೋ ಮನಷ್ಯಾ."

"ಹೌದು."

ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ಒಂದು ವಿಷಯ ಮಾತ್ರ ಕೇಳಬೇಕಿತ್ತು.

"ಎರಡನೇ ವಾರವೇ ಗೊತ್ತಿದ್ರೆ, ಎರಡು ಇಂಚು ಒಮ್ಮೆಲೇ ಕತ್ತರಿಸಬಹುದಿತ್ತಲ್ಲ. ಅರ್ಧರ್ಧ ಎಂತಕ್ಕೆ?"

ಅವನು ಬಟ್ಟೆ ತೆಗೆದುಕೊಂಡು ಟೇಬಲ್ ಒರೆಸತೊಡಗಿದ. ಆಮೇಲೆ ನಿಲ್ಲಿಸಿದ.

"ಒಮ್ಮೆಲೇ ಕತ್ತರಿಸಿದ್ರ ನೀವು ನಾಕ್ ಸಲ ಬರ್ತಿದ್ದಿಲ್ಲ."

ಈ ಸಲ ಕಣ್ಣು ತಿರುಗಿಸಲಿಲ್ಲ. "ಗಂಡ ಅದಾರ ಅಂತ ತಿಳದೂ ಮಾಡಿದೆ. ಅದು ಕೋಲು ಕತ್ತರಿಸಿದ್ದಕ್ಕಿಂತ ದೊಡ್ಡ ತಪ್ಪು. ಏನ್ ಬೈತೀರಿ ಬೈರಿ."

ನಾನು ಬೈಯಲಿಲ್ಲ. ಪಟರನ್ನು ತೆಗೆದುಕೊಂಡು ತಳ ನೋಡಿದೆ. ಐದು ವಾರ ನೋಡುತ್ತಲೇ ಇದ್ದೆ, ಆದರೆ ಸರಿಯಾಗಿ ನೋಡಿರಲಿಲ್ಲ. ಅವನ ನಾಲ್ಕು ಚೂರುಗಳು ಸಾಲಾಗಿ, ನೇರವಾಗಿ ಇದ್ದವು. ಸಂದೀಪನ ಓರೆ ಪಟ್ಟಿ ಇದ್ದಲ್ಲೇ ಇತ್ತು, ಹೆಬ್ಬೆರಳ ಗುರುತಿನ ಸಮೇತ.

"ಇದನ್ನು ತೆಗೀಲಿಲ್ಲ ನೀವು."

"ಅದು ಅವರದ್ರಿ. ಅದರ ಮ್ಯಾಲ ಹಚ್ಚಬಾರದು ಅಂತ ಮಗ್ಗಲಿಗೆ ಹಚ್ಚೀನಿ."

ಡಬ್ಬಿ ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು.

"ಮತ್ತ ಉದ್ದ ಮಾಡ್ಲೇನ್ರಿ?" ಎಂದು ಕೇಳಿದ. ಮಾಡು ಎಂದರೆ ಮಾಡುತ್ತಿದ್ದ. ಸಂದೀಪನ ಅಳತೆಗೆ, ಒಂದು ನೂಲೂ ಹೆಚ್ಚುಕಡಿಮೆಯಿಲ್ಲದೆ.

ನಾನು ನಾಲ್ಕು ಚೂರುಗಳನ್ನು ಎತ್ತಿ ಪರ್ಸಿನೊಳಗೆ ಹಾಕಿಕೊಂಡೆ.

"ಬೇಡ. ಹೀಗೇ ಇರಲಿ."

ಗೋಡೆಯ ಉದ್ದಕ್ಕೂ ಗಿರಾಕಿಗಳು ಹೊಡೆದು ನೋಡಲೆಂದು ಹಾಸಿದ ಹಸಿರು ಮ್ಯಾಟ್ ಇತ್ತು. ತುದಿಯಲ್ಲಿ ಒಂದು ಕುಳಿ. ಇಷ್ಟು ದಿನ ನಾನು ಅದರ ಮೇಲೆ ಕಾಲಿಟ್ಟಿರಲಿಲ್ಲ. ಈಗ ಚಪ್ಪಲಿ ಬಿಟ್ಟು ನಿಂತೆ. ಅವನು ಚೆಂಡು ಇಟ್ಟು ಸರಿದ. ಕಣ್ಣು ಮುಚ್ಚಿದೆ. ಹೊಡೆದೆ.

"ಹೇಳ್ರಿ," ಎಂದ.

"ಹೆಚ್ಚು ಹೋಯ್ತು. ಕುಳಿಯ ಬಲಕ್ಕೆ. ದಾಟಿ ಒಂದು ಗೇಣು."

ಕಣ್ಣು ತೆರೆದೆ. ಚೆಂಡು ಕುಳಿಯ ಬಲಕ್ಕೆ, ಅದನ್ನು ದಾಟಿ ನಿಂತಿತ್ತು. ಗುರುಪಾದ ಮೊಣಕಾಲೂರಿ ಕೂತು ಗೇಣು ಹಾಕಿ ಅಳೆದ.

"ಮುಕ್ಕಾಲು ಗೇಣು ಐತ್ರಿ."

"ನನ್ನ ಗೇಣು ಹೇಳಿದ್ದು ನಾನು."

ಅವನ ಎದುರಿಗೆ ಕೂತು ಕೈ ಚಾಚಿದೆ. ಹೆಬ್ಬೆರಳು ಕುಳಿಯ ಅಂಚಿಗೆ, ಕಿರುಬೆರಳು ಚೆಂಡಿಗೆ. ಸರಿಯಾಗಿ ಒಂದು ಗೇಣು. ಅವನ ಕೈ ಇನ್ನೂ ಮ್ಯಾಟಿನ ಮೇಲೇ ಇತ್ತು, ನನ್ನದರ ಪಕ್ಕದಲ್ಲಿ. ಇಬ್ಬರೂ ತೆಗೆಯಲಿಲ್ಲ.

"ಶನಿವಾರ ಬರ್ತೀರೇನ್ರಿ?" ಎಂದು ಕೇಳಿದ.

"ಇನ್ನೆಂತ ಸರಿ ಮಾಡ್ಲಿಕ್ಕೆ ಉಂಟು ಇದರಲ್ಲಿ?"

ಅವನು ಪಟರಿನ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ಏನೂ ಇಲ್ರಿ."

"ಆಯ್ತು," ಎಂದೆ. "ಹಾಗಾದ್ರೆ ಬರ್ತೇನೆ."