ಮೊದಲ ಸೌಟು

ಮುಂಬೈ ಪಕ್ಕದ ಡೊಂಬಿವಲಿಯ ರಾಮನಗರದಲ್ಲಿ ಮೂರು ವಾರದಿಂದ ಎಲ್ಲರೂ ನುಂಗಿಕೊಂಡಿದ್ದ ಒಂದು ಮಾತನ್ನು ದಿನದ ಗಿರಾಕಿ, ಮೈಸೂರಿನ ಶ್ರೀಕಂಠ ಮಂಗಳವಾರ ಬೆಳಿಗ್ಗೆ ಹೇಳಿಬಿಟ್ಟ.

“ಮೇಡಂ, ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ.”

ಹೇಳಿದ್ದು ಮೆಲ್ಲಗೇ. ಆದರೂ ಹೋಟೆಲ್ ಸುವರ್ಣಾದಲ್ಲಿ ಇಡ್ಲಿ ಮುರಿಯುತ್ತಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು. ಗಲ್ಲಾದಲ್ಲಿ ಕೂತಿದ್ದ ವಾರಿಜಾ ತಲೆಯೆತ್ತಿದಳು. ಅಪ್ಪ ತೀರಿಕೊಂಡ ಮೇಲೆ ಆರು ವರ್ಷದಿಂದ ಈ ಹೋಟೆಲನ್ನು ಒಬ್ಬಳೇ ನಡೆಸುತ್ತಿದ್ದಾಳೆ. ಈ ಆರು ವರ್ಷದಲ್ಲಿ ಸಾಂಬಾರಿನ ಬಗ್ಗೆ ಯಾರೂ ಹೀಗೆ ಎದುರಿಗೆ ನಿಂತು ಹೇಳಿದ್ದಿಲ್ಲ.

“ಇಷ್ಟು ಜನ ತಿಂತಾ ಇದ್ದಾರಲ್ಲ, ಅವರಿಗೆಂತ ನಾಲಿಗೆ ಇಲ್ವಾ?” ಎಂದವಳು ಮೂಲೆಯ ಟೇಬಲ್ಲಿನ ಕಡೆ ತಿರುಗಿದಳು. “ಗುರುವಪ್ಪ ಮಾಮ, ನೀವು ಹೇಳಿ. ಉಪ್ಪು ಜಾಸ್ತಿ ಉಂಟಾ?”

ಗುರುವಪ್ಪನವರು ಗದಗಿನ ಕಡೆಯವರು, ರೈಲ್ವೆಯಿಂದ ರಿಟೈರ್ ಆದವರು, ಇಪ್ಪತ್ತೆರಡು ವರ್ಷದ ಗಿರಾಕಿ. ಅವರು ಮೂರನೇ ಲೋಟ ನೀರು ಮುಗಿಸಿ ಬಾಯಿ ಒರೆಸಿಕೊಂಡರು.

“ಏ, ಎಲ್ಲೀದವ್ವಾ! ಭಾಳ ಚಲೋ ಆಗೇತಿ.”

“ಕೇಳಿದ್ರಲ್ಲ,” ವಾರಿಜಾ ಶ್ರೀಕಂಠನತ್ತ ನೋಡಿದಳು. “ಮೈಸೂರಿನವರಿಗೆ ನಮ್ಮ ಸಾಂಬಾರು ಹಿಡಿಸದಿದ್ರೆ ಚಟ್ನಿಯಲ್ಲಿ ತಿನ್ನಬಹುದು.”

ಅವನು ಅವಳ ಕೈಯಲ್ಲಿದ್ದ ಕಾಫಿ ಲೋಟವನ್ನು ಒಂದು ಕ್ಷಣ ದಿಟ್ಟಿಸಿ, ಬ್ಯಾಗು ಹೆಗಲಿಗೇರಿಸಿಕೊಂಡು ಸ್ಟೇಷನ್ ಕಡೆ ನಡೆದುಬಿಟ್ಟ. ಇಡೀ ದಿನ ವಾರಿಜಾಳಿಗೆ ಮೈಯೆಲ್ಲ ಉರಿ. ಆ ಉರಿಯ ಅಡಿಯಲ್ಲಿ ಒಂದು ಹೆದರಿಕೆಯೂ ಇತ್ತು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ, ಶಟರ್ ಅರ್ಧ ಎತ್ತಿದ್ದಾಗಲೇ, ಅವನು ಬಗ್ಗಿ ಒಳಗೆ ಬಂದ.

“ಇನ್ನೂ ತೆರೆದಿಲ್ಲ ಮಾರಾಯ್ರೆ.”

“ಗೊತ್ತು. ತೆರೆಯೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು. ಯಾರೂ ಇಲ್ಲದಾಗ.” ಅವನು ದನಿ ತಗ್ಗಿಸಿದ. “ನಿನ್ನೆ ಕಾಫಿಯ ಹಾಲು ಒಡೆದಿತ್ತು ಕಣ್ರೀ. ನಾನು ಒಂದು ಗುಟುಕಿಗೇ ಬಿಟ್ಟೆ. ನೀವು ಪೂರ್ತಿ ಲೋಟ ಕುಡಿದ್ರಿ. ಮುಖ ಸ್ವಲ್ಪವೂ ಕಿವುಚಲಿಲ್ಲ. ನಿಮಗೆ ರುಚಿ ಗೊತ್ತಾಗ್ತಿಲ್ಲ, ಅಲ್ವಾ?” ಎಂದ.

ವಾರಿಜಾ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಚೌತಿ ಹಬ್ಬದ ಮರುವಾರ ಬಂದ ಜ್ವರ ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಕೊಂಡೊಯ್ದಿತ್ತು. ಡಾಕ್ಟರು ತಾನಾಗಿಯೇ ಬರುತ್ತದೆ, ಕಾಯಿರಿ ಎಂದಿದ್ದರು. ಆದರೆ ಹೋಟೆಲು ಕಾಯುವುದು ಹೇಗೆ? ಅಡುಗೆಯ ಬೂಬಣ್ಣ ಹಳೇ ಕಾಲದವನು. ದೇವರಿಗೆ ಇಡುವ ಮುಂಚೆ ಅಡುಗೆಯವನು ರುಚಿ ನೋಡಿದರೆ ಎಂಜಲು ಎನ್ನುವವನು, ಕಣ್ಣಂದಾಜಿನಲ್ಲೇ ಎಲ್ಲ ಮಾಡುವವನು. ದೀಪ ಹಚ್ಚಿ ನೈವೇದ್ಯವಾದ ಮೇಲೆ ಮೊದಲ ಸೌಟು ಯಜಮಾನರ ಬಟ್ಟಲಿಗೆ ಬರಬೇಕು, ಅವರು ನೋಡಿ ಉಪ್ಪು ಹುಳಿ ಸರಿಮಾಡಿದ ಮೇಲೆಯೇ ಶಟರ್ ಏಳಬೇಕು. ಅಪ್ಪ ಹಾಕಿದ ನಿಯಮ ಅದು. ಸುವರ್ಣಾದ ಹೆಸರು ನಿಂತಿದ್ದೇ ಅಪ್ಪನ ನಾಲಿಗೆಯ ಮೇಲೆ, ಆಮೇಲೆ ಅವಳ ನಾಲಿಗೆಯ ಮೇಲೆ.

“ಬಾಯಿಗೆ ಹಾಕಿದ್ರೆ ಬರೀ ಬಿಸಿ ನೀರು,” ಎಂದಳು. “ಸಪ್ಪೆಯಾದ್ರೆ ಎಂತ ಗತಿ ಅಂತ ನಾನೇ ದಿನಾ ಒಂದು ಹಿಡಿ ಮೇಲಿಂದ ಹಾಕ್ತಿದ್ದೆ.” ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂರು ವಾರ ಕಟ್ಟಿಟ್ಟ ಅಳು, ಬೇಗ ನಿಲ್ಲಲಿಲ್ಲ.

ಶ್ರೀಕಂಠ ಒಂದು ಲೋಟ ನೀರು ತಂದು ಅವಳ ಪಕ್ಕ ಇಟ್ಟ.

“ನನ್ನ ನಾಲಿಗೆ ಬೆಳಿಗ್ಗೆ ಆರರಿಂದ ಏಳರವರೆಗೆ ಖಾಲಿ ಇರತ್ತೆ. ಬೇಕಾದ್ರೆ ಬಳಸ್ಕೊಳ್ಳಿ.”

ಅಳುವಿನ ನಡುವೆ ಅವಳಿಗೆ ನಗು ಬಂತು.

“ಬಾಡಿಗೆ ಎಷ್ಟು?”

“ಒಂದು ಬಟ್ಟಲು ಸಾಂಬಾರು. ಉಪ್ಪು ಸರಿಯಾಗಿರೋದು.”

ಹಾಗೆ ಶುರುವಾಯಿತು. ಅವನು ಐರೋಲಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸದಲ್ಲಿದ್ದ. ಸ್ಟೇಷನ್ನಿನ ಆಚೆ, ಡೊಂಬಿವಲಿ ವೆಸ್ಟಿನಲ್ಲಿ ಒಬ್ಬನೇ ಇದ್ದ. ಮದುವೆಯೊಂದು ಆಗಿ, ಮುರಿದು, ಎಂಟು ವರ್ಷವಾಗಿತ್ತು. ಇದನ್ನೆಲ್ಲ ಅವನೇ ಹೇಳಿದ್ದು, ದಿನಕ್ಕೊಂದು ಚಮಚೆಯಷ್ಟು, ಸಾಂಬಾರು ಆರುವ ಹೊತ್ತಿನಲ್ಲಿ.

ಬೂಬಣ್ಣನಿಗೆ ಗುಟ್ಟು ತಿಳಿಯಬಾರದೆಂದು ಅವನು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಹುಳಿ ಕಮ್ಮಿಯಾದರೆ ಎಡಹುಬ್ಬು ಮೇಲೇರುತ್ತಿತ್ತು. ಉಪ್ಪು ಹೆಚ್ಚಾದರೆ ಎರಡೂ. ಎಲ್ಲ ಸರಿಯಿದ್ದರೆ ಸುಮ್ಮನೆ ಕಣ್ಣು ಮುಚ್ಚುತ್ತಿದ್ದ.

ಅವನು ಕಣ್ಣು ಮುಚ್ಚಿದ ಆ ಎರಡು ಕ್ಷಣ ಪೂರ್ತಿ ವಾರಿಜಾಳದ್ದು. ಆಗ ಅವನ ಕಿವಿಯ ಪಕ್ಕದ ನಾಲ್ಕು ಬಿಳಿಕೂದಲು, ಕನ್ನಡಕ ಕೂತು ಮೂಗಿನ ಮೇಲೆ ಬಿದ್ದ ಸಣ್ಣ ಗುರುತು, ಎಲ್ಲವನ್ನೂ ಯಾರ ಅಪ್ಪಣೆಯೂ ಇಲ್ಲದೆ ನೋಡುತ್ತಿದ್ದಳು. ಅವನು ಕಣ್ಣು ಬಿಡುವಷ್ಟರಲ್ಲಿ ಗಲ್ಲಾದ ಧೂಳು ಒರೆಸುತ್ತಿದ್ದಳು. ಅಷ್ಟು ಚೊಕ್ಕವಾದ ಗಲ್ಲಾ ಆ ರಸ್ತೆಯಲ್ಲಿ ಇನ್ನೊಂದಿರಲಿಲ್ಲ.

“ಬೂಬಣ್ಣ ಎಂತ ಕೇಳಿದ ಗೊತ್ತುಂಟಾ?” ಒಂದು ದಿನ ಹೇಳಿದಳು. “‘ಆ ಮೈಸೂರಿನವರು ದೇವರಿಗಿಂತ ಮುಂಚೆ ಬರ್ತಾರಲ್ಲಕ್ಕಾ, ಎಂತ ವ್ರತವಾ?’ ಅಂತ.”

“ನೀವೇನಂದ್ರಿ?”

“ಹೌದು, ಕಠಿಣ ವ್ರತ ಅಂದೆ.”

ಅವನು ನಕ್ಕ. ನಗುವಾಗ ಬಟ್ಟಲು ಅಲುಗಿ ಸಾಂಬಾರು ಅವನ ಅಂಗಿಗೆ ಚೆಲ್ಲಿತು. ಒರೆಸಲು ಬಟ್ಟೆ ಕೊಡುವಾಗ ಇಬ್ಬರ ಬೆರಳೂ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಆ ಬಟ್ಟೆಯ ಮೇಲೇ ಉಳಿದವು.

ಸಂಕ್ರಾಂತಿ ಕಳೆದ ವಾರ ಅದು ನಡೆಯಿತು. ಎಂದಿನಂತೆ ಬಟ್ಟಲನ್ನು ಅವನ ಮುಂದಿಟ್ಟು ಬಗ್ಗಿದಾಗ ಅವಳ ಮೂಗಿಗೆ ಏನೋ ಬಡಿಯಿತು. ಗಂಧದ ಸೋಪು. ಅವನ ಕುತ್ತಿಗೆಯಿಂದ, ಇನ್ನೂ ಆರದ ಕೂದಲಿನಿಂದ, ನಾಲ್ಕು ತಿಂಗಳಾದ ಮೇಲೆ ಅವಳಿಗೆ ಬಂದ ಮೊದಲ ವಾಸನೆ. ಹಿಂದಿನಿಂದಲೇ ಇಂಗಿನ ಒಗ್ಗರಣೆ ಬಂತು, ಕರಿಬೇವು ಬಂತು, ಒದ್ದೆ ನೆಲದ ಫಿನಾಯಿಲ್ ಕೂಡ ಬಂತು. ಅವಳಿಗೆ ಕೂಗಬೇಕೆನಿಸಿತು. ಬಾಯಿ ತೆರೆದೂ ಆಗಿತ್ತು.

ಆಗ ಅವನು ಕಣ್ಣು ಮುಚ್ಚಿದ. ಅವಳು ಬಾಯಿ ಮುಚ್ಚಿದಳು.

ಹೇಳಿದರೆ ನಾಳೆಯಿಂದ ಆರು ಗಂಟೆಗೆ ಇವನು ಯಾಕೆ ಬರುತ್ತಾನೆ? ಉಳಿದವರಂತೆ ಏಳಕ್ಕೆ ಬರುತ್ತಾನೆ, ಉಳಿದವರಂತೆ ತಿನ್ನುತ್ತಾನೆ, ಉಳಿದವರಂತೆ ಲೋಕಲ್ ಹಿಡಿಯುತ್ತಾನೆ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಬಂದಾಗ ನಾಡಿದ್ದು ಎಂದುಕೊಂಡಳು. ಹೀಗೆ ಮೂರು ವಾರ ಕಳೆಯಿತು. ಸುಳ್ಳು ಸಣ್ಣದೇ, ಆದರೆ ಸೀರೆಗೆ ಸಿಕ್ಕಿಕೊಂಡ ಮುಳ್ಳಿನಂತೆ ನಡೆದಲ್ಲೆಲ್ಲ ಜೊತೆಗೆ ಬರುತ್ತಿತ್ತು.

ಒಂದು ಭಾನುವಾರ ಹನ್ನೊಂದರ ಹೊತ್ತಿಗೆ, ಗಿರಾಕಿಗಳ ಭರಾಟೆ ಇಳಿದ ಮೇಲೆ, ಗುರುವಪ್ಪನವರು ಗಲ್ಲಾದ ಬಳಿ ಬಂದು ನಿಂತರು.

“ಯವ್ವಾ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ಆವಾಗ ಸಾಂಬಾರ ಖರೇನ ಉಪ್ಪಾಗಿತ್ತು.”

“ನನಗೆ ಗೊತ್ತಾಗಿದೆ ಮಾಮ. ನಿಮಗೆ ಬೀಪಿ ಬೇರೆ. ಯಾಕೆ ತಿಂದ್ರಿ?”

“ಲಾಕ್‌ಡೌನಿನ್ಯಾಗ ನನಗ ಜ್ವರ ಬಂದಾಗ ಹದಿನಾಕು ದಿನ ಬಾಗಲಿಗೆ ಗಂಜಿ ಕಳಿಸಿದಾಕಿ ನೀನು. ನಾ ಒಬ್ಬನೇ ಅಲ್ಲ, ಇಲ್ಲಿ ಕುಂತು ಉಣ್ಣೋರು ಎಷ್ಟು ಮಂದಿಗೆ ಕಳಿಸೀದಿ. ಆ ಗಂಜಿ ಉಂಡ ಬಾಯಾಗ ಉಪ್ಪು ಹೆಚ್ಚಾತು ಅಂತ ಹೆಂಗ ಹೇಳೂದು? ಉಪ್ಪುಂಡ ಮನಿಗೆ ಎರಡು ಬಗೀಬಾರ್ದು ಅಂತಾರ. ನಾವು ಜರಾ ಹೆಚ್ಚಿಗೇ ಉಂಡ್ವಿ, ಅಷ್ಟ.”

ವಾರಿಜಾ ನಕ್ಕಳು, ಕಣ್ಣೊರೆಸಿಕೊಂಡಳು. ಕಾಯಂ ಗಿರಾಕಿ ಎರಡು ದಿನ ಬಾರದಿದ್ದರೆ ಮನೆಗೆ ಗಂಜಿ ಹೋಗಬೇಕೆಂಬುದೂ ಅಪ್ಪನದೇ ನಿಯಮ. ಅದನ್ನು ಉಪಕಾರವೆಂದು ಅವಳು ಎಂದೂ ಎಣಿಸಿರಲಿಲ್ಲ.

“ಇನ್ನೊಂದು ಮಾತೂ ನುಂಗಿಕೊಂಡೀವಿ ನೋಡು. ಅದೂ ಹೇಳಿಬಿಡ್ತೀನಿ,” ಎಂದರು ಗುರುವಪ್ಪ. “ಆ ಮೈಸೂರಿನಾಂವ ಈಗ ಡೊಂಬಿವಲಿಯಾಗ ಇಲ್ಲ. ಅವನ ಬಿಲ್ಡಿಂಗ್ ಕೆಡವಿ ಹೊಸಾದು ಕಟ್ಟಾಕ, ರೀಡೆವಲಪ್‌ಮೆಂಟಿಗೆ ಹೋತು. ದೀಪಾವಳಿ ಆದಮ್ಯಾಲೆ ಠಾಣೆಗೆ ಶಿಫ್ಟ್ ಆಗ್ಯಾನ, ನೌಪಾಡಾದಾಗ ರೂಮು.”

“ಎಂತದು? ದಿನಾ ಇಲ್ಲಿಗೆ ಬರ್ತಾರಲ್ಲ!”

“ಅದಕ್ಕ ಹೇಳಾಕತ್ತೀನಿ. ಐದರ ಲೋಕಲ್ ಹಿಡಿದು ಇಲ್ಲಿಗೆ ಬರ್ತಾನ. ಏಳಕ್ಕ ಜನರ ಒದ್ದಾಟದಾಗ ನಿಂತು ವಾಪಸ್ ಠಾಣೆಗೆ, ಅಲ್ಲಿಂದ ಐರೋಲಿಗೆ. ಅವನ ಆಫೀಸಿಗೂ ಮನಿಗೂ ನಡುವ ಡೊಂಬಿವಲಿ ಬರೂದೇ ಇಲ್ಲವ್ವಾ. ನಿನಗ ಹೇಳಬ್ಯಾಡ್ರಿ ಅಂತ ಕೈಮುಗಿದಿದ್ದ.”

ಮೂರು ತಿಂಗಳು. ನಾಲ್ಕು ಗಂಟೆಗೆ ಏಳುವುದು. ಅದರಲ್ಲಿ ಕೊನೆಯ ಮೂರು ವಾರ ಬರೀ ತನ್ನ ಸುಳ್ಳಿಗಾಗಿ. ವಾರಿಜಾಳಿಗೆ ನಾಚಿಕೆಯಾಯಿತು, ಆ ನಾಚಿಕೆಯ ಒಳಗೇ ಸಂತೋಷವೂ ಆಯಿತು, ಸಂತೋಷವಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಪ್ರೀತಿಸುವವನನ್ನು ನಿದ್ದೆಗೆಡಿಸಿ ಕಟ್ಟಿಹಾಕುವುದು ಪ್ರೀತಿಯಲ್ಲ. ಬಿಟ್ಟುಬಿಡಬೇಕು. ಬಿಟ್ಟರೆ ಅವನು ಹೋಗಿಬಿಡಬಹುದು. ಹೋದರೂ ಹೇಳಲೇಬೇಕು.

ಸೋಮವಾರ ಹೋಟೆಲಿಗೆ ರಜೆ. ಮಂಗಳವಾರ ಆರಕ್ಕೆ ಅವನು ಬಂದ. ಕಣ್ಣ ಕೆಳಗೆ ಕಪ್ಪು, ತುಟಿಯ ಮೇಲೆ ಅದೇ ನಗು. ವಾರಿಜಾ ಮೊದಲ ಸೌಟನ್ನು ಬಟ್ಟಲಿಗೆ ಹಾಕಿಸಿಕೊಂಡು ತಂದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಅವನ ಎದುರೇ ಒಂದು ಚಮಚೆ ಬಾಯಿಗಿಟ್ಟುಕೊಂಡಳು.

“ಹುಳಿ ಸ್ವಲ್ಪ ಕಮ್ಮಿ ಉಂಟು,” ಎಂದಳು. “ನಂಗೆ ರುಚಿ ಬಂದು ಮೂರು ವಾರವಾಯ್ತು. ಹೇಳಲಿಲ್ಲ. ನೀವು ನೌಪಾಡಾದಿಂದ ಬರ್ತೀರಿ ಅಂತ ಗೊತ್ತಿರಲಿಲ್ಲ. ತಪ್ಪಾಯ್ತು. ನಾಳೆಯಿಂದ ನಿದ್ದೆ ಮಾಡಿ.”

ಶ್ರೀಕಂಠ ಬಟ್ಟಲನ್ನು ತಾನೇ ತೆಗೆದುಕೊಂಡು ರುಚಿ ನೋಡಿದ. ಎಡಹುಬ್ಬು ಏರಿತು.

“ಹೌದು, ಹುಳಿ ಕಮ್ಮಿ. ನಿಮ್ಮ ನಾಲಿಗೆ ಪಾಸಾಯ್ತು.” ಆಮೇಲೆ ಮೆಲ್ಲಗೆ, “ಎರಡು ವಾರದಿಂದ ಗೊತ್ತಿತ್ತು ನಂಗೆ,” ಎಂದ.

“ಹೇಗೆ?”

“ಒಂದಿನ ನೀವು ಇಲ್ಲಿ ನನ್ನ ಹತ್ರ ಮಾತಾಡ್ತಾ ಇದ್ರಿ, ಅಡುಗೆಮನೆಗೆ ಬೆನ್ನು ಹಾಕಿ. ಸಾಸಿವೆ ಸೀಯೋದಕ್ಕೆ ಶುರುವಾದ ತಕ್ಷಣ ‘ಬೂಬಣ್ಣ, ಒಲೆ!’ ಅಂದ್ರಿ. ನಿಮಗೇ ಗೊತ್ತಾಗಲಿಲ್ಲ ಅಂದಿದ್ದು.”

“ಗೊತ್ತಿದ್ದೂ ಮತ್ತೆ ಯಾಕೆ ಬಂದ್ರಿ?”

“ನೀವ್ಯಾಕೆ ಹೇಳ್ಲಿಲ್ಲ?”

ಒಳಗೆ ಬೂಬಣ್ಣ ಕಾವಲಿಗೆ ನೀರು ಚಿಮುಕಿಸಿದ ಸದ್ದು ಕೇಳಿತು. ಹೊರಗೆ ಯಾರೋ ಶಟರ್ ತಟ್ಟಿ “ಉಘಡ್ಲಾ ಕಾ?” ಎಂದು, ತೆರೆದಿದೆಯಾ ಅಂತ, ಮರಾಠಿಯಲ್ಲಿ ಕೇಳಿದರು. ಅವಳು “ಪಾಚ್ ಮಿನಿಟ್!” ಎಂದು ಕೂಗಿದಳು. ಆ ಐದು ನಿಮಿಷವನ್ನು ಹೇಗೆ ಬಳಸುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

“ನಾಳೆ ಬರ್ಬೇಡಿ,” ಎಂದಳು ಕೊನೆಗೆ.

ಅವನ ಮುಖ ಸಣ್ಣದಾಯಿತು.

“ಬುಧವಾರ ಬೇಡ, ಗುರುವಾರ ಬೇಡ. ಈ ವಾರವಿಡೀ ನಿದ್ದೆ ಮಾಡಿ. ಸೋಮವಾರ ನಂಗೆ ರಜೆ. ನಾನು ಬರ್ತೇನೆ ನೌಪಾಡಾಕ್ಕೆ.” ಮತ್ತೆ ಸೇರಿಸಿದಳು: “ನಮ್ಮ ಹೋಟೆಲಿನ ನಿಯಮ. ಕಾಯಂ ಗಿರಾಕಿ ಎರಡು ದಿನ ಬರದಿದ್ರೆ ಮನೆಗೇ ಡಬ್ಬಿ ಹೋಗ್ಬೇಕು.”

ಆ ವಾರ ಉಳಿದ ಐದು ದಿನ, ಆರು ಗಂಟೆಗೆ, ವಾರಿಜಾ ಒಬ್ಬಳೇ ರುಚಿ ನೋಡಿದಳು. ಉಪ್ಪು ಸರಿಯಿತ್ತು, ಹುಳಿ ಸರಿಯಿತ್ತು. ಕಣ್ಣು ಮುಚ್ಚುವವರು ಮಾತ್ರ ಎದುರಿಗಿರಲಿಲ್ಲ, ಹಾಗಾಗಿ ಗಲ್ಲಾದ ಮೇಲೆ ತೆಳ್ಳಗೆ ಧೂಳು ಕೂತಿತು.

ಸೋಮವಾರ ಹತ್ತೂವರೆಗೆ ಅವಳು ಹಸಿರು ಸೀರೆಯುಟ್ಟು, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಠಾಣೆಯ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಕೂತಿದ್ದಳು. ಬಿಸಿ ಡಬ್ಬಿ ತೊಡೆಗೆ ತಾಗುತ್ತಿತ್ತು. ದಿವಾ ಸ್ಟೇಷನ್ ದಾಟಿತು, ಹಿನ್ನೀರಿನ ಖಾಡಿಯ ಮೇಲಿನ ಸೇತುವೆ ಗಡಗಡಿಸಿತು. ಮೂವತ್ತಾರು ವರ್ಷದ ಹೆಂಗಸು ಹದಿನಾರರ ಹುಡುಗಿಯ ಹಾಗೆ ಸ್ಟೇಷನ್ ಬಂದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುವುದು ಶೋಭೆಯೇ ಎಂದು ತನ್ನನ್ನೇ ಗದರಿಸಿಕೊಂಡಳು. ಕೈ ಕೇಳಲಿಲ್ಲ.

ಅವನು ಠಾಣೆಯ ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದ. ಆಫೀಸಿಗೆ ರಜೆ ಹಾಕಿದ್ದ. ಚೆನ್ನಾಗಿ ನಿದ್ದೆ ಮಾಡಿದ ಮುಖ.

“ರೂಮಿಗೆ ಹೋಗಿ ತಿನ್ನೋಣ,” ಎಂದ.

“ಮೊದಲ ಸೌಟು ಇಲ್ಲೇ.”

ಬೆಂಚಿನ ಮೇಲೆ ಕೂತು ಡಬ್ಬಿ ತೆರೆದಳು. ಸಾಂಬಾರನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅವನು ಒಂದು ಗುಟುಕು ಕುಡಿದ. ಎರಡೂ ಹುಬ್ಬು ನೆತ್ತಿಗೇರಿದವು.

ವಾರಿಜಾ ಅವನ ಬಾಯನ್ನೇ ನೋಡುತ್ತಿದ್ದಳು. ಅವಳೇ, ಬೇಕಂತಲೇ, ಒಂದು ಚಮಚೆ ಉಪ್ಪು ಹೆಚ್ಚು ಹಾಕಿದ್ದಳು. ಇಷ್ಟು ದೂರ ಹೊತ್ತು ತಂದಿದ್ದಾಳೆ, ಹೊಸ ಸೀರೆ ಉಟ್ಟಿದ್ದಾಳೆ, ಮೊದಲ ಸಲ ಅವನಿಗಾಗಿ ಬಂದಿದ್ದಾಳೆ. ಇಂಥ ಹೊತ್ತಿನಲ್ಲಿ ಯಾರಾದರೂ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಗುರುವಪ್ಪ ಮಾಮನಾದರೆ ಮೂರು ಲೋಟ ನೀರು ಕುಡಿದು ಹಾಗೆಯೇ ಹೇಳುತ್ತಿದ್ದರು. ಆ ಪ್ರೀತಿಯೂ ದೊಡ್ಡದೇ. ಆದರೆ ಅವಳಿಗೆ ಈ ಒಬ್ಬನಿಂದ ಬೇಕಾಗಿದ್ದುದು ಅದಲ್ಲ.

ಶ್ರೀಕಂಠ ಮುಚ್ಚಳ ಕೆಳಗಿಟ್ಟ. ಅವಳನ್ನು ನೋಡಿದ, ಸೀರೆ ನೋಡಿದ, ಡಬ್ಬಿಯ ಬಿಸಿಗೆ ಕೆಂಪಾದ ಅವಳ ಅಂಗೈ ನೋಡಿದ.

“ವಾರಿಜಾ,” ಎಂದ. ಮೊದಲ ಸಲ ಮೇಡಂ ಅನ್ನಲಿಲ್ಲ. “ಉಪ್ಪು ಜಾಸ್ತಿಯಾಗಿದೆ.”

ಅವಳ ಕಣ್ಣು ತುಂಬಿತು.

“ನಂಗೆ ಮೊದಲು ಬಂದ ವಾಸನೆ ನಿಮ್ಮ ಗಂಧದ ಸೋಪಿನದ್ದು,” ಎಂದಳು. “ಇನ್ನು ಮುಂದೆಯೂ ಹೀಗೇ ನನ್ನ ಮುಖಕ್ಕೇ ಹೇಳ್ತೀರಾ? ಮುದುಕಿಯಾಗುವವರೆಗೆ?”

ಪ್ಲಾಟ್‌ಫಾರ್ಮಿಗೆ ಫಾಸ್ಟ್ ಲೋಕಲ್ ನುಗ್ಗಿತು. ಜನ ಇಳಿದರು, ಹತ್ತಿದರು, ಒಬ್ಬರನ್ನೊಬ್ಬರು ತಳ್ಳಿದರು. ಆ ಗದ್ದಲದ ನಡುವೆ ಅವನು ಉತ್ತರವಾಗಿ ಕಣ್ಣು ಮುಚ್ಚಿದ.

ಈ ಸಲ ಅವಳು ಅವನು ಕಣ್ಣು ಬಿಟ್ಟ ಮೇಲೂ ನೋಡುತ್ತಲೇ ಇದ್ದಳು.